ಊಟ ಮುಗಿದ ಮೇಲಿನ ಮಾತು

ನಾರ್ವೆಯವರ ಮನೆಯಲ್ಲಿ ಉಂಡು ಸುಮ್ಮನೆ ಎದ್ದು ಹೋಗುವ ಹಾಗಿಲ್ಲ. ಅಡುಗೆ ಮಾಡಿದವರ ಮುಖ ನೋಡಿ "ತಕ್ ಫೊರ್ ಮಾತೆನ್" ಅನ್ನಬೇಕು. ಊಟಕ್ಕೆ ಥ್ಯಾಂಕ್ಸ್ ಎಂದು ಅರ್ಥ. ಗಂಡ ಹೆಂಡತಿಗೆ ಹೇಳುತ್ತಾನೆ, ಮಕ್ಕಳು ಅಮ್ಮನಿಗೆ ಹೇಳುತ್ತಾರೆ, ಬರೀ ಬ್ರೆಡ್ಡು ಚೀಸು ತಿಂದ ದಿನವೂ ಹೇಳುತ್ತಾರೆ. ಅಡುಗೆಯವರು ಅದಕ್ಕೆ "ವೆಲ್ ಬೆಕೊಮ್ಮೆ" ಅನ್ನುತ್ತಾರೆ, ತಿಂದದ್ದು ಮೈಗೆ ಹತ್ತಲಿ ಅಂದ ಹಾಗೆ. ಗಲ್ಫಿನ ಈ ಫಿಂಟಾಸ್ ಊರಿನ ನಮ್ಮ ಕಟ್ಟಡದಲ್ಲಿ ಎದುರು ಬಾಗಿಲಿನವರು ನಾರ್ವೆ ದಂಪತಿ. ಅವರ ಮನೆಯಲ್ಲಿ ಮೊದಲ ಸಲ ಇದನ್ನು ಕೇಳಿದಾಗ ನನಗೆ ನಗು ಬಂದಿತ್ತು. ನಮ್ಮ ಕಡೆ ಊಟವಾದ ಮೇಲೆ ಹೆಂಗಸರಿಗೆ ಸಿಗುವುದು "ಉಪ್ಪು ಸ್ವಲ್ಪ ಮುಂದಾಯಿತು" ಎಂಬ ಸರ್ಟಿಫಿಕೇಟು ಮಾತ್ರ.

ನನ್ನ ಗಂಡನಿಗೆ ಅದು ಹಿಡಿಸಿಬಿಟ್ಟಿತು. ಆ ನಾರ್ವೆಯವರು ಶುಐಬಾದ ಪ್ಲಾಂಟಿನಲ್ಲಿ ಇವರಿಗೆ ಮೇಲಧಿಕಾರಿ. ಎಷ್ಟೋ ಶುಕ್ರವಾರ ನಮ್ಮ ಊಟ ಅವರಲ್ಲೇ. ಬೇಯಿಸಿದ ಮೀನು, ಬೇಯಿಸಿದ ಆಲೂಗಡ್ಡೆ, ಹಾಡುಹಗಲಿನಲ್ಲಿ ಪರದೆ ಎಳೆದು ಹಚ್ಚಿಟ್ಟ ಮೇಣದ ಬತ್ತಿ. ಮೆಣಸಿನ ಹೆಸರೆತ್ತುವಂತಿಲ್ಲ. ಇವರು ಅಲ್ಲಿಂದ ಮನೆಗೆ ತಂದದ್ದು ಆ ಮಾತನ್ನು. ಗಂಜಿ ಚಟ್ನಿ ಉಂಡರೂ ಏಳುವ ಮೊದಲು "ತಕ್ ಫೊರ್ ಮಾತೆನ್, ಮಾರಾಯ್ತಿ" ಎಂದು ರಾಗ ಎಳೆಯುತ್ತಿದ್ದರು.

"ಸಾಕು, ಬಟ್ಟಲು ತೊಳೀರಿ" ಅನ್ನುತ್ತಿದ್ದೆ ನಾನು.

"ಎದುರು ಮನೆಯವರು ಎಷ್ಟು ಚಂದ ಉತ್ತರ ಕೊಡ್ತಾರೆ. ನೀನೂ ಒಂದ್ಸಲ ಹೇಳಿದ್ರೆ ಎಂತ ಗಂಟು ಹೋಗ್ತದೆ?"

ಮಗಳು ಮುಖ ಮುಚ್ಚಿಕೊಂಡು, "ಪಪ್ಪಾ, ಪ್ಲೀಸ್, ಸ್ಟಾಪ್ ಇಟ್" ಅನ್ನುತ್ತಿದ್ದಳು. ಅವಳಿಗೆ ಕನ್ನಡ, ತುಳು ಎರಡೂ ಅರ್ಥವಾಗುತ್ತವೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಒಂದು ಚಳಿಗಾಲ ಡ್ಯೂಟಿ ಮುಗಿಸಿ ಕಂಪನಿ ಬಸ್ಸಿನಲ್ಲಿ ಬರುವಾಗ ನನ್ನ ಗಂಡನಿಗೆ ಎದೆನೋವು ಬಂತು. ಆಸ್ಪತ್ರೆ ಮುಟ್ಟುವಾಗ ಜೀವ ಇರಲಿಲ್ಲ. ದೇಹವನ್ನು ಊರಿಗೆ ಕೊಂಡುಹೋಗಿ ಕ್ರಿಯೆಗಳನ್ನೆಲ್ಲ ಮುಗಿಸಿದೆವು. ಮಗಳ ಶಾಲೆ, ಮಿರ್ಕಾಬಿನ ಆಫೀಸಿನಲ್ಲಿ ನನ್ನ ಕೆಲಸ, ನನ್ನದೇ ಹೆಸರಿನ ಇಕಾಮಾ ಎಂಬ ವಾಸದ ಪರವಾನಗಿ ಎಲ್ಲ ಇಲ್ಲೇ ಇದ್ದುದರಿಂದ ನಾವಿಬ್ಬರೂ ಹಿಂದಕ್ಕೆ ಬಂದೆವು. ಆಮೇಲೆ ನಮ್ಮ ಊಟ ಸದ್ದಿಲ್ಲದೆ ಮುಗಿಯತೊಡಗಿತು. ಮಗಳು ಫೋನು ನೋಡುತ್ತಾ ತಿಂದು ಎದ್ದು ಹೋಗುತ್ತಿದ್ದಳು. ಅವಳು ಎದ್ದ ಮೇಲಿನ ಆ ಸ್ವಲ್ಪ ಹೊತ್ತು ನನ್ನಿಂದ ಸಹಿಸಲಿಕ್ಕೆ ಆಗುತ್ತಿರಲಿಲ್ಲ.

ಆಟಿ ತಿಂಗಳು ಬಂತು. ಊರಿನಲ್ಲಿ ಜಡಿಮಳೆ, ಇಲ್ಲಿ ಹೊರಗೆ ಕಾಲಿಟ್ಟರೆ ಚರ್ಮ ಸುಡುವ ಬಿಸಿಲು. ನಮ್ಮ ತುಳುವರಲ್ಲಿ ಆ ತಿಂಗಳು ಸತ್ತವರಿಗೆ ಬಡಿಸುವ ಕ್ರಮವಿದೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಎಲೆಗೆ ಬಡಿಸಿ, ದೀಪ ಇಟ್ಟು ಬಾಗಿಲು ಎಳೆದುಕೊಳ್ಳುತ್ತೇವೆ. ಅವರು ಬಂದು ಉಂಡು ಹೋದ ಮೇಲೆ ಅದೇ ಎಲೆಯದನ್ನು ಮನೆಯವರು ಹಂಚಿಕೊಂಡು ತಿನ್ನುತ್ತೇವೆ. ನಾನೂ ಬಡಿಸುತ್ತೇನೆ ಎಂದು ಅತ್ತೆಗೆ ಫೋನು ಮಾಡಿದೆ.

"ಅಲ್ಲಿ ಎಂತದ್ದೂ ಮಾಡ್ಬೇಡ," ಅಂದರು ಅತ್ತೆ. "ನಾವು ಇಲ್ಲಿ ಬಡಿಸ್ತೇವೆ. ಕಡಲು ದಾಟಿ ಅಲ್ಲಿಗೆ ಅವ ಹೇಗೆ ಬರುದು?"

ಮಗನನ್ನು ಕಳೆದುಕೊಂಡವರ ಜೊತೆ ಏನು ವಾದ ಮಾಡಲಿ? ಆದರೆ ಫೋನು ಇಟ್ಟ ಮೇಲೆ ಆ ಮಾತನ್ನು ಒಪ್ಪಲಿಕ್ಕೆ ಆಗಲಿಲ್ಲ. ಮದುವೆಯಾದಂದಿನಿಂದ ನನ್ನ ಗಂಡ ನನ್ನ ಕೈಯಡುಗೆ ಉಂಡದ್ದು ಈ ಮನೆಯಲ್ಲಿ. ಇಲ್ಲಿ ಬಡಿಸಿದರೆ ಬರುವುದೇ ಇಲ್ಲವೆಂದಾದರೆ ಇನ್ನು ಅವರಿಗೂ ನನಗೂ ಏನು ಉಳಿಯಿತು?

ಹಟ ಹಿಡಿದು ಅಡುಗೆಗೆ ಇಳಿದೆ. ಕೋರಿರೊಟ್ಟಿ, ಬಂಗುಡೆ ಪುಳಿಮುಂಚಿ, ಅಂಗಡಿಯ ಬಾಡಿದ ಕೆಸುವಿನೆಲೆಯ ಪತ್ರೊಡೆ. ಮಲಗುವ ಕೋಣೆಯಲ್ಲಿ ಬಾಳೆಲೆ ಹಾಕಿ ಬಡಿಸುವಾಗ ಎದುರು ಮನೆಯಾಕೆ ಬಂದರು. ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಒಳಬರುವುದು ಅವರಲ್ಲೂ ವಾಡಿಕೆ. ನಾನು ತಡವರಿಸುತ್ತಾ ವಿಷಯ ಹೇಳಿದೆ. ಅತ್ತೆಯ ಮಾತನ್ನೂ ಹೇಳಿದೆ. ನಗಬಹುದು ಅಂದುಕೊಂಡಿದ್ದೆ.

ಅವರು ನಗಲಿಲ್ಲ. ಅವರ ಅಜ್ಜಿ ಕ್ರಿಸ್‌ಮಸ್ ರಾತ್ರಿ ಊಟದ ಮೇಜು ತೆಗೆಯಲು ಬಿಡುತ್ತಿರಲಿಲ್ಲವಂತೆ. ಮಿಕ್ಕಿದ್ದೆಲ್ಲ ಬೆಳಗಿನವರೆಗೆ ಹಾಗೇ ಇರಬೇಕು, ಮನೆಯ ಸತ್ತವರು ಬಂದು ಉಣ್ಣಬೇಕು. "ಅಜ್ಜಿಗೆ ಮದುವೆಯಾದ ಮೇಲೆ ಮೂರು ಊರು ಬದಲಾಯಿತು," ಅಂದರು. "ಅವಳು ಎಲ್ಲಿ ಮೇಜು ಹಾಕುತ್ತಿದ್ದಳೋ ಅಲ್ಲಿಗೆ ಬರುತ್ತಿದ್ದರು."

ಬಾಗಿಲು ಎಳೆದುಕೊಂಡೆ. ಮಗಳೂ ಸೇರಿ ಮೂವರೂ ಹೊರಗೆ ನೆಲದ ಮೇಲೆ ಕೂತೆವು. ಒಳಗೆ ಎ.ಸಿ.ಯ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ನಾನು ಕಿವಿ ಕೊಟ್ಟು ಕೂತಿದ್ದೆ, ಹುಚ್ಚಿಯ ಹಾಗೆ. ಸಾಕಷ್ಟು ಹೊತ್ತಾದ ಮೇಲೆ ಬಾಗಿಲು ತಟ್ಟಿ ತೆರೆದೆ. ದೀಪ ಉರಿಯುತ್ತಿತ್ತು, ಬಡಿಸಿದ್ದು ಬಡಿಸಿದ ಹಾಗೇ ಇತ್ತು. ಹಾಗೇ ಇರುತ್ತದೆಂದು ಗೊತ್ತಿದ್ದೂ ಕಣ್ಣು ತುಂಬಿತು.

ಎಲೆಯನ್ನು ಮೇಜಿಗೆ ತಂದು ನನ್ನ ಗಂಡನ ಕುರ್ಚಿಯ ಮುಂದಿಟ್ಟು, ಅದರಿಂದಲೇ ಮೂವರೂ ಹಂಚಿಕೊಂಡೆವು. ಖಾರಕ್ಕೆ ಆಕೆಯ ಮುಖ ಕೆಂಪಾಯಿತು, ಆದರೂ ಬಿಡದೆ ತಿಂದರು. ತಿಂದು ಮುಗಿಸಿದ ಮೇಲೆ ಏಳಲೂ ಇಲ್ಲ, ಆ ಮಾತು ಹೇಳಲೂ ಇಲ್ಲ. ಖಾಲಿ ಕುರ್ಚಿಯನ್ನೇ ನೋಡುತ್ತಿದ್ದರು. ನಮ್ಮ ಮನೆಯಲ್ಲಿ ಅದನ್ನು ಯಾವಾಗಲೂ ಮೊದಲು ಹೇಳುತ್ತಿದ್ದವರು ನನ್ನ ಗಂಡ. ಅವರನ್ನು ಮೀರಿ ತಾನು ಹೇಗೆ ಹೇಳುವುದು ಎಂದು ಆಕೆ ಕಾಯುತ್ತಿದ್ದಾರೆಂದು ಆಗ ತಿಳಿಯಿತು. ನಾನೂ ಕಾದೆ. ಎಂಜಲು ಕೈ ಒಣಗಿತು.

"ತಕ್ ಫೊರ್ ಮಾತೆನ್, ಮಾರಾಯ್ತಿ."

ಹೇಳಿದವಳು ಮಗಳು. ಅವರದೇ ರಾಗದಲ್ಲಿ, ತಲೆ ಎತ್ತದೆ ಹೇಳಿದಳು. ಅವಳ ಕಣ್ಣೀರು ಬಟ್ಟಲಿಗೆ ಬೀಳುತ್ತಿತ್ತು.

ಎದುರು ಮನೆಯಾಕೆ ನನ್ನ ಕಡೆ ತಿರುಗಿದರು. ನಾನು ಆ ಕುರ್ಚಿಯ ಕಡೆ ನೋಡಿ, ಅವರು ಇದ್ದಷ್ಟು ದಿನ ಒಮ್ಮೆಯೂ ಹೇಳದಿದ್ದ "ವೆಲ್ ಬೆಕೊಮ್ಮೆ" ಹೇಳಿದೆ. ಆಮೇಲೆ ಎದ್ದು ಎಲೆ ಎತ್ತಿದೆ.