ಆರು ಹತ್ತರ ಮಿಸ್ಡ್ ಕಾಲ್

ಚಳ್ಳಕೆರೆಯ ಕ್ಷಯ ಚಿಕಿತ್ಸಾ ಕೇಂದ್ರದಲ್ಲಿ ಗುತ್ತಿಗೆ ಕೆಲಸಕ್ಕೆ ಸೇರಿದ ಮೊದಲ ವಾರ ಮಾರುತೇಶನಿಗೆ ಪ್ರೇಮವಾಯಿತು. ಅವನ ಕೈಗೆ ಕೊಟ್ಟಿದ್ದ ಕಚೇರಿಯ ಮೊಬೈಲಿಗೆ ದಿನಾ ಬೆಳಿಗ್ಗೆ ಆರು ಹತ್ತಕ್ಕೆ ಸರಿಯಾಗಿ ಒಂದೇ ನಂಬರಿನಿಂದ ಮಿಸ್ಡ್ ಕಾಲ್. ಒಂದು ರಿಂಗು, ಕಟ್. ಯಾರೋ ಹುಡುಗಿ ಮನಸ್ಸು ಕೊಟ್ಟಿದ್ದಾಳೆ, ಬಾಯಿ ಬಿಡಲು ನಾಚಿಕೆ ಎಂದು ತೀರ್ಮಾನಿಸಿಬಿಟ್ಟ. ಐದನೇ ದಿನ ಮುಖ ತೊಳೆದು, ಫೋನಿನಲ್ಲಿ ಯಾರಿಗೂ ಕಾಣದ ತಲೆಯನ್ನು ಬಾಚಿಕೊಂಡು, ಮೆತ್ತಗಿನ ದನಿಯಲ್ಲಿ ತಾನೇ ಕರೆ ಮಾಡಿ ಯಾರು ಎಂದು ವಿಚಾರಿಸಿದ.

"ಮಾತ್ರೆ ನುಂಗೀನಪ್ಪ," ಎಂದಿತು ಒಂದು ಏದುಸಿರಿನ ದನಿ. "ನುಂಗಿದ ಮ್ಯಾಲೆ ಒಂದು ರಿಂಗ್ ಕೊಡು ಅಂದಿದ್ರಲ್ಲ, ಕೊಟ್ಟೆ."

ಏರ್ಪಾಟು ಇದ್ದದ್ದೇ ಹಾಗೆ. ರಿಂಗ್ ಬಂದರೆ ರಿಜಿಸ್ಟರಿನಲ್ಲಿ ಹಸಿರು ಗುರುತು, ಬಾರದಿದ್ದರೆ ಮಾರುತೇಶ ಕರೆ ಮಾಡಿ ಎಚ್ಚರಿಸಬೇಕು. ಅವನ ತರಬೇತಿ ಮಾತ್ರ ಮುಂದಿನ ವಾರಕ್ಕಿತ್ತು.

ದನಿ ಯರ್ರಮ್ಮನದು. ಬ್ರಹ್ಮಗಿರಿಯ ಬುಡದ ಹಳ್ಳಿಯವಳು. ಗಂಡ ಹೋಗಿ ಒಂಬತ್ತು ವರ್ಷ. ಮೊಳಕಾಲ್ಮೂರಿನಲ್ಲಿ ಸೀರೆ ನೇಯುವವರ ಮನೆಗಳಿಗೆ ರೇಷ್ಮೆ ನೂಲು ಸುತ್ತಿಕೊಟ್ಟು ಮಗಳು ನಿರ್ಮಲಾಳನ್ನು ಪಿಯುಸಿವರೆಗೆ ಓದಿಸಿದ್ದಳು. ಮನೆಗೆಲ್ಲ ಒಂದೇ ಫೋನು. ಒಳಗೆ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅದಕ್ಕೇ ಹಿತ್ತಲಿನ ಬಂಡೆ ಹತ್ತಿ, ಕೆಮ್ಮಿ, ಸುಧಾರಿಸಿಕೊಂಡು ರಿಂಗ್ ಕೊಡುತ್ತಿದ್ದಳು.

ಎರಡನೇ ತಿಂಗಳು ಒಂದು ದಿನ ರಿಂಗ್ ಬರಲಿಲ್ಲ. ಹತ್ತು ಗಂಟೆಗೆ ಮಾರುತೇಶ ಕರೆ ಮಾಡಿದ. ಎತ್ತಿದ್ದು ಗಂಡಸು. ಯಾರೆಂದು ಕೇಳುವ ಗೋಜಿಗೆ ಹೋಗದೆ, ಯರ್ರಮ್ಮ ಇವತ್ತು ಕ್ಷಯದ ಮಾತ್ರೆ ನುಂಗಿಲ್ಲ, ಕೂಡಲೇ ನುಂಗಿಸಿ ಎಂದು ತರಬೇತಿಯಲ್ಲಿ ಕಲಿತಷ್ಟನ್ನೂ ಒದರಿದ. ಆ ಗಂಡಸು ನಿರ್ಮಲಾಳನ್ನು ನೋಡಲು ಬಂದಿದ್ದ ವರನ ಸೋದರಮಾವ. ಅವನ ಕುರ್ಚಿಯ ಪಕ್ಕದಲ್ಲೇ ಫೋನು ಚಾರ್ಜಿಗಿತ್ತು. ಅರ್ಧ ಕುಡಿದ ಕಾಫಿ ಬಿಟ್ಟು ಎಲ್ಲರೂ ಎದ್ದುಹೋದರು. ಇದ್ಯಾವುದೂ ತಿಳಿಯದ ಮಾರುತೇಶ "ಕರೆ ಮಾಡಿ ತಿಳಿಸಲಾಗಿದೆ" ಎಂದು ಚೆಂದದ ಅಕ್ಷರದಲ್ಲಿ ಬರೆದಿಟ್ಟ.

ಮರುದಿನದಿಂದ ಆರು ಹತ್ತಕ್ಕೆ ರಿಂಗ್ ತಪ್ಪಲಿಲ್ಲ. ಆದರೆ ಯರ್ರಮ್ಮನ ತೂಕ ಮೂವತ್ತೆಂಟರಿಂದ ಮೂವತ್ತೈದಕ್ಕೆ, ಅಲ್ಲಿಂದ ಮೂವತ್ತಮೂರಕ್ಕೆ ಇಳಿಯಿತು. ತಪಾಸಣೆಗೆ ಬಂದ ದಿನ ಡಾಕ್ಟರು ಔಷಧಿಯೇ ನಾಟುತ್ತಿಲ್ಲವೇನೋ ಎಂದು ಹುಬ್ಬು ಗಂಟಿಕ್ಕಿದರು. ಮಾರುತೇಶ ಹಸಿರು ಗುರುತುಗಳ ಹಾಳೆಯನ್ನು ತನ್ನದೇ ಅಂಕಪಟ್ಟಿಯೆಂಬಂತೆ ಮುಂದೆ ಹಿಡಿದ. ಲ್ಯಾಬಿನ ಗಂಗಾಂಬಿಕಾ ಅದನ್ನು ನೋಡಲೂ ಇಲ್ಲ. ಈ ಮಾತ್ರೆ ನುಂಗಿದವರ ಮೂತ್ರ ಕೆಂಪಗಾಗುತ್ತದೆ. ಯರ್ರಮ್ಮ ಕೊಟ್ಟ ಬಾಟಲಿಯಲ್ಲಿದ್ದದ್ದು ಬೋರ್‌ವೆಲ್ ನೀರಿನಷ್ಟು ತಿಳಿ.

ಹೊರಗಿನ ಬೆಂಚಿನ ಮೇಲೆ ಕೂರಿಸಿ ಕೇಳಿದಾಗ ಅವಳು ಏನನ್ನೂ ಮುಚ್ಚಿಡಲಿಲ್ಲ. ಆ ಸಂಬಂಧ ಮುರಿದ ಹದಿನೈದು ದಿನಕ್ಕೆ ನಿರ್ಮಲಾಳಿಗೂ ಕೆಮ್ಮು, ಸಂಜೆಯಾದರೆ ಜ್ವರ. ಅಷ್ಟರಲ್ಲಿ ರಾಂಪುರದ ಇನ್ನೊಂದು ಗಂಡಿನ ಕಡೆಯವರು ಒಪ್ಪಿದ್ದಾರೆ. ಅವರು ಮಾತಾಡುವುದೂ ಇದೇ ಫೋನಿಗೆ. ಇಲ್ಲಿ ಮಗಳ ಹೆಸರು ಬರೆಸಿದರೆ ಆ ಫೋನು ಮತ್ತೆ ಯಾರ ಕೈಯಲ್ಲಿದ್ದಾಗ ಬಡಿದುಕೊಳ್ಳುತ್ತದೋ. ಅದಕ್ಕೇ ರಿಂಗ್ ತಾಯಿಯದು, ಮಾತ್ರೆ ಮಗಳದು.

ಬೇರೆ ನಂಬರ್ ಬರೆದುಕೊಳ್ಳುತ್ತೇನೆ, ಮನೆಗೆ ಕರೆಯೇ ಬಾರದ ಹಾಗೆ ನೋಡಿಕೊಳ್ಳುತ್ತೇನೆ, ಅವಳನ್ನು ಕರೆತನ್ನಿ, ನಿಮ್ಮ ತೂಕಕ್ಕೆ ಕೊಟ್ಟ ಮಾತ್ರೆ ಅವಳ ತೂಕಕ್ಕೆ ಸಾಲುವುದೂ ಇಲ್ಲ ಎಂದು ಮಾರುತೇಶ ಅಂಗಲಾಚಿದ.

"ಹೋದ ಸಲ ಫೋನ್ ಮಾಡಿದ್ದು ನೀನೇ ಅಲ್ಲೇನಪ್ಪ?" ಎಂದಳು.

ಯರ್ರಮ್ಮ ಹೊಸ ತಿಂಗಳ ಮಾತ್ರೆಗಳನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಮೊಳಕಾಲ್ಮೂರಿನ ಬಸ್ಸಿಗೆ ಎದ್ದಳು. ಅವನು ಅಡ್ಡ ನಿಂತು, ಕೇಳಬಾರದ್ದನ್ನು ಕೇಳಿಯೇಬಿಟ್ಟ.

"ಹಿಂಗಾದ್ರೆ ಮದುವೆ ಹೊತ್ತಿಗೆ ನೀವೇ ಇರಲ್ಲವ್ವ. ಗೊತ್ತೈತೇನ್ರಿ ನಿಮಗೆ?"

"ಗೊತ್ತೈತೆ," ಎಂದಳು ಯರ್ರಮ್ಮ. "ನನ್ನ ಮದುವೆ ಆಗಿ ಹೋಗೈತಲ್ಲಪ್ಪ."