ನಮ್ಮಪ್ಪನ ಮುಳ್ಳುಗೋಲು

ನಮ್ಮಪ್ಪನ ಮುಳ್ಳುಗೋಲಿನ ಮೊಳೆ ಯಾವತ್ತೂ ಮೊಂಡು. ಕೊಟ್ಟೂರು ಪೇಟೆಯಲ್ಲಿ ಎತ್ತಿನ ಬಂಡಿ ಕಟ್ಟಿಕೊಂಡು ಮೂಟೆ ಸಾಗಿಸುತ್ತಿದ್ದ ಅವನು, ಕೋಲಿಗೆ ಹೊಸ ಮೊಳೆ ಕೂರಿಸಿದ ದಿನವೇ ಅದನ್ನು ಕಲ್ಲಿಗೆ ಉಜ್ಜಿ ಚೂಪು ತೆಗೆಯುತ್ತಿದ್ದ. ಯಾರಾದರೂ ನಕ್ಕರೆ, "ಮುಟ್ಟಿದ್ರ ಸಾಕ್ರಿ, ಅದಕ್ಕ ತಿಳೀತೈತಿ. ಚುಚ್ಚಾಕ ಎತ್ತು ವೈರಿ ಏನ್ರಿ?" ಎನ್ನುತ್ತಿದ್ದ. ಎತ್ತುಗಳ ಜೊತೆ ಆಡುವಷ್ಟು ಮಾತನ್ನು ನಮ್ಮ ಜೊತೆ ಆಡಿದವನಲ್ಲ.

ಇಂಥ ಅಪ್ಪನ ಕಸುಬನ್ನು ನಾನು ಒಂಬತ್ತನೇ ಕ್ಲಾಸಿನ ಫಾರ್ಮಿನಲ್ಲಿ 'ವ್ಯಾಪಾರ' ಎಂದು ಬರೆದಿದ್ದೆ. ಗೆಳತಿಯರ ಅಪ್ಪಂದಿರಿಗೆಲ್ಲ ಅಂಗಡಿಗಳಿದ್ದವು. ಬಂಡಿ ಹೊಡೆಯುವವನ ಮಗಳು ಎನ್ನಿಸಿಕೊಳ್ಳಲು ನನಗೆ ನಾಚಿಕೆ.

ಲಾತೂರಿನ ಕಡೆ ಭೂಕಂಪವಾದ ವರ್ಷ ಅದು. ಪೇಪರಿನಲ್ಲಿ ಬಂದ 'ಎಪಿಸೆಂಟರ್' ಅಂದರೇನು ಎಂದು ನಾವು ಕೇಳಿದ್ದಕ್ಕೆ ವಿಜ್ಞಾನದ ಮೇಷ್ಟ್ರು ಕಿಟಕಿಯಾಚೆ ನೋಡಿ, ರಸ್ತೆಯಲ್ಲಿ ಹೋಗುತ್ತಿದ್ದ ಬಂಡಿಯೊಂದನ್ನು ಕೂಗಿ ನಿಲ್ಲಿಸಿದರು. "ಯಜಮಾನ್ರ, ಆ ಮುಳ್ಳುಗೋಲು ತಗೊಂಡು ಒಳಗ ಬರ್ರಿ."

ಬಂದವನು ನಮ್ಮಪ್ಪ. ಚಪ್ಪಲಿ ಬಾಗಿಲಲ್ಲೇ ಬಿಟ್ಟು, ತಲೆಯ ಟವೆಲ್ಲು ಕೈಗೆ ತಗೊಂಡು ನಿಂತ. ನಾನು ತಲೆ ತಗ್ಗಿಸಿದೆ.

ಮೇಷ್ಟ್ರು ಮೊಳೆ ತೋರಿಸಿದರು. "ಗ್ರೀಕರು ಎತ್ತು ಹೊಡೆಯೋ ಈ ಮುಳ್ಳಿಗೆ ಕೆಂಟ್ರಾನ್ ಅಂತಿದ್ರು. ವೃತ್ತ ಎಳಿಯೋವಾಗ ಕೈವಾರದ ಮುಳ್ಳು ಊರ್ತೀವಲ್ಲ, ಆ ಜಾಗಕ್ಕೂ ಅದೇ ಹೆಸರು ಬಂತು. ಸೆಂಟರ್ ಅನ್ನೋದು ಅದರಿಂದ, ನಮ್ಮ ಕೇಂದ್ರಾನೂ ಅದರಿಂದನ. ಎಪಿ ಅಂದ್ರ ಮ್ಯಾಲೆ. ಭೂಮಿ ಒಳಗ ನಡುಕ ಹುಟ್ಟಿದ ಜಾಗದ ನೆಟ್ಟಗ ಮ್ಯಾಲಿರೋ ನೆಲಾನ ಎಪಿಸೆಂಟರ್."

ಅಪ್ಪ ಮೆಲ್ಲಗೆ ಬಾಯಿ ಬಿಟ್ಟ: "ಹಂಗಾರ ಚುಚ್ಚೋದು ಒಳಗ, ಹೊಡ್ತ ತಿನ್ನೋರು ಮ್ಯಾಲಿನೋರು ಅನ್ರಿ."

"ಇದಕ್ಕಿಂತ ಚಲೋ ಹೇಳಾಕ ನನಗ ಬರಂಗಿಲ್ಲ" ಎಂದು ಮೇಷ್ಟ್ರು ನಕ್ಕರು. "ನಿಮ್ಮ ಮಕ್ಕಳು ಯಾವ ಸಾಲ್ಯಾಗ ಅದಾರ?"

ಅಪ್ಪ ನಮ್ಮ ಬೆಂಚಿನ ಕಡೆ ತಿರುಗಲೇ ಇಲ್ಲ. "ಎಲ್ಲೋ ಓದ್ತಾವ ಬಿಡ್ರಿ" ಎಂದ. ಒಳಗೆ ಬಂದಾಗಲೇ ನನ್ನ ತಗ್ಗಿದ ತಲೆ ಅವನ ಕಣ್ಣಿಗೆ ಬಿದ್ದಿತ್ತು. ನನಗೆ ಕೂತಿರಲಾಗಲಿಲ್ಲ, ಎದ್ದು ನಿಂತೆ. "ಸರ್, ಅವ್ರು ನಮ್ಮಪ್ಪ ರೀ."

ಅವತ್ತಿನಿಂದ ಪೇಟೆಯಲ್ಲಿ ಅಪ್ಪನ ಜಂಬ ಹಿಡಿಯುವವರಿರಲಿಲ್ಲ. ಹಮಾಲರಿಗೆ, ಚಹಾದಂಗಡಿಯವನಿಗೆ, "ಸೆಂಟರ್ ಅನ್ನೋ ಮಾತು ಹುಟ್ಟಿದ್ದು ಇದರಾಗ ನೋಡ್ರಿ" ಎಂದು ಕೋಲೆತ್ತಿ ತೋರಿಸುತ್ತಿದ್ದ.

ಅಪ್ಪ ಈಗಿಲ್ಲ. ನಾನು ಹಗರಿಬೊಮ್ಮನಹಳ್ಳಿಯಲ್ಲಿ ವಿಜ್ಞಾನ ಕಲಿಸುತ್ತೇನೆ. ಭೂಕಂಪದ ಪಾಠ ಬಂದಾಗ ಆ ಕೋಲನ್ನು ಮಕ್ಕಳ ಕೈಗೆ ಕೊಡುತ್ತೇನೆ. ಅವರು ಮೊಳೆ ಮುಟ್ಟಿ ನೋಡಿ, "ಟೀಚರ್, ಇದು ಚುಚ್ಚೋದೇ ಇಲ್ಲಲ್ರಿ!" ಎನ್ನುತ್ತಾರೆ.

"ಹೌದು, ಅದು ನಮ್ಮಪ್ಪಂದು" ಎನ್ನುತ್ತೇನೆ. "ಬಂಡಿ ಹೊಡೀತಿದ್ದ."