ಹೊಲದಲ್ಲಿ ತೂಗಿದ ಸಿಡಿ

ಮಹಾನಂದಾ, ನಿನ್ನ ಕಂಪ್ಯೂಟರಿನ ದನಿ ಹೋದದ್ದು ನಿನ್ನ ಅಪ್ಪನಿಂದಲ್ಲ. ನನ್ನಿಂದ. ಇಷ್ಟು ಹೇಳಲು ನನಗೆ ಇಷ್ಟು ವರ್ಷ ಬೇಕಾದವು — ತೆಲಂಗಾಣ ರಾಜ್ಯ ಬಂತು, ಜಹೀರಾಬಾದಿನ ನನ್ನ ಅಂಗಡಿ ಮುಚ್ಚಿತು, ತಲೆಯೂ ನರೆಯಿತು. ಮೊದಲೇ ಹೇಳಿಬಿಟ್ಟಿದ್ದೇನೆ, ಇಲ್ಲದಿದ್ದರೆ ನಡುವೆ ಎಲ್ಲಾದರೂ ಜಾರಿಕೊಳ್ಳುತ್ತಿದ್ದೆ. ಜಾರಿಕೊಳ್ಳುವುದರಲ್ಲಿ ನಾನು ಗಟ್ಟಿಗ, ತಂಗಿ.

ಆ ಯಂತ್ರ ಮೊದಲ ಸಲ ಮಾತಾಡಿದ ದಿನ ನೆನಪಿದೆಯೇ? ಪಸ್ತಾಪುರ ದಾಟಿ ನಿಮ್ಮ ಊರು, ನಿಮ್ಮ ಪಡಸಾಲೆ. ಮೂರನೆಯ ಇಯತ್ತೆಯಲ್ಲಿದ್ದಾಗ ಜ್ವರ ಬಂದು ನಿನ್ನ ಕಣ್ಣು ಹೋಗಿತ್ತು. ನೀನು ಹೈದರಾಬಾದಿನಲ್ಲಿ ತರಬೇತಿ ಮುಗಿಸಿ, ಪರದೆಯ ಮೇಲಿನದನ್ನು ಓದಿ ಹೇಳುವ ಸಾಫ್ಟ್‌ವೇರ್ ತಂದಿದ್ದೆ. ಕಂಪ್ಯೂಟರ್ ಜೋಡಿಸಿ ಕೊಟ್ಟವನು ನಾನೇ. ಗುಂಡಿ ಒತ್ತಿದ್ದೇ ತಡ, ಅದು ಹಂಚಿನ ಮೇಲೆ ಜೋಳ ಸಿಡಿದಂತೆ ಪಟಪಟ ಮಾತಾಡತೊಡಗಿತು. ನನಗೆ ಒಂದಕ್ಷರ ತಿಳಿಯಲಿಲ್ಲ. ನೀನು ಮಾತ್ರ ತಲೆ ವಾಲಿಸಿ ಕೇಳುತ್ತ, ನಡುನಡುವೆ ನಗುತ್ತ — ಅಬ್ಬಾ! ನನ್ನ ಮೈ ಜುಮ್ಮೆಂದಿತು.

“ನಿಮ್ಮ ಕಿವಿ ಇನ್ನಾ ಎತ್ತಿನ ಬಂಡಿನ್ಯಾಗೇ ಅವ ನೋಡ್ರಿ, ಅಣ್ಣಾರೆ” ಎಂದು ನನ್ನನ್ನು ಛೇಡಿಸಿದೆ.

ನಿನ್ನ ಅಪ್ಪ ವೀರಶೆಟ್ಟಿ ಕಾಕಾ ಪೆಟ್ಟಿಗೆಯ ಹಿಂದೆ ಬಗ್ಗಿ ನೋಡಿ, “ಇದರೊಳಗ ಯಾರ ಕುಂತಾರ್ರಿ?” ಎಂದರು. ನಾವೆಲ್ಲ ನಕ್ಕೆವು. ಅವರು ನಗಲಿಲ್ಲ. ಮಗಳು ತಾನೇ ಓದುತ್ತಿದ್ದಾಳೆಂಬುದು ಅವರಿಗೆ ನಿಧಾನವಾಗಿ ತಿಳಿಯುತ್ತಿತ್ತು, ಕಣ್ಣು ತುಂಬಿಕೊಂಡಿದ್ದವು.

ಅವತ್ತು ಪೆಟ್ಟಿಗೆಯ ಜೊತೆ ಬಂದ ಸಿಡಿಯನ್ನು ಏನು ಮಾಡಲಿ ಎಂದು ಕಾಕಾ ಕೇಳಿದ್ದರು. “ಅದೇನ್ ಕೆಲಸಕ್ಕ ಬರಲ್ಲ ಬಿಡ್ರಿ” ಎಂದವನು ನಾನು. ನಮ್ಮ ಕಡೆ ಬೇಡವಾದ ಸಿಡಿಯನ್ನು ಯಾರೂ ಎಸೆಯುವುದಿಲ್ಲವಲ್ಲ — ದಾರ ಕಟ್ಟಿ ಜೋಳದ ಹೊಲದಲ್ಲಿ ಗಳಕ್ಕೆ ತೂಗಿಬಿಡುತ್ತಾರೆ. ಗಾಳಿಗೆ ತಿರುಗಿ ಬಿಸಿಲು ಮಿಂಚಿದರೆ ಗಿಣಿ ಹತ್ತಿರ ಸುಳಿಯುವುದಿಲ್ಲ. ಕಾಕಾನೂ ತೂಗಿದರು.

ಆಮೇಲೆ ಹೊಸ ವಿಂಡೋಸ್ ಬಂತು. ನನಗೆ ಅದರ ಹುಚ್ಚು. “ಇದು ಚಲೋನೇ ಅದಲ್ರಿ, ಯಾಕ ಕೆದಕ್ತೀರಿ?” ಎಂದು ನೀನು ಎಷ್ಟು ಹೇಳಿದರೂ ಕೇಳದೆ ಪೆಟ್ಟಿಗೆಯನ್ನು ನನ್ನ ಅಂಗಡಿಗೆ ಹೊತ್ತು ತಂದೆ. ಬ್ಯಾಂಕಿನ ಕೆಲಸಕ್ಕೆ ನಿನ್ನ ಪರೀಕ್ಷೆ ಹತ್ತಿರ ಬಂದಿತ್ತು, ಹೊಸದರಲ್ಲಿ ಅಭ್ಯಾಸ ಮಾಡಿದರೆ ಒಳ್ಳೆಯದೆಂದು ನನ್ನ ವಾದ. ತೆಲಂಗಾಣ ರಾಜ್ಯಕ್ಕಾಗಿ ಮುಷ್ಕರ, ನಮ್ಮ ಕಡೆಯ ಮಾತಿನಲ್ಲಿ ಸಮ್ಮೆ, ನಡೆದಿದ್ದ ದಿನಗಳು. ಶಟರ್ ಅರ್ಧ ಇಳಿಸಿಕೊಂಡು ಹೊಸದನ್ನು ಹಾಕುತ್ತಿದ್ದೆ. ಮುಗಿಯುವಷ್ಟರಲ್ಲಿ ಹುಡುಗರ ಗುಂಪು “ಜೈ ತೆಲಂಗಾಣ” ಎನ್ನುತ್ತ ಬಂದು ಶಟರಿಗೆ ಗುದ್ದಿತು. ನಾನೂ ಘೋಷಣೆ ಕೂಗಿ ಬಾಗಿಲು ಹಾಕಿದೆ. ದನಿ ಬರುತ್ತದೆಯೇ ಎಂದು ನೋಡಲೇ ಇಲ್ಲ.

ನಿಮ್ಮ ಮನೆಗೆ ಬಂದಾಗ ಹೊತ್ತು ಮುಳುಗುತ್ತಿತ್ತು, ಕರೆಂಟ್ ಇರಲಿಲ್ಲ. ಮೇಜಿನ ಕೆಳಗೆ ತಡಕಾಡಿ ತಂತಿಗಳನ್ನು ಸಿಕ್ಕಿಸಿದೆ. ಕರೆಂಟ್ ಬಂತು, ಪರದೆ ಹೊತ್ತಿತು — ದನಿ ಇಲ್ಲ. ಒಂದೊಂದೇ ಸೆಟ್ಟಿಂಗ್ ತೆರೆದು ನೋಡಿದೆ. ಎಲ್ಲ ಸರಿಯೆಂದು ಯಂತ್ರವೇ ಹೇಳುತ್ತಿತ್ತು. ದನಿಯ ಹಸಿರು ಪಟ್ಟಿ ಪರದೆಯ ಮೇಲೆ ಏರಿ ಇಳಿಯುತ್ತಿತ್ತು, ಮಾತು ಮಾತ್ರ ಪಡಸಾಲೆಗೆ ಬರುತ್ತಿರಲಿಲ್ಲ. ಓಣಿಯ ಮಂದಿ ಬಾಗಿಲಲ್ಲಿ ನೆರೆದಿದ್ದರು. ಕಂಪ್ಯೂಟರ್ ಡಾಕ್ಟರ್ ಎಂದು ಕರೆಸಿಕೊಳ್ಳುತ್ತಿದ್ದ ನನಗೆ ಬೆವರು ಕಿತ್ತುಕೊಂಡಿತು. ಆಗ ಸಿಡಿ ಎಲ್ಲಿ ಎಂದು ಕೇಳಿದೆ. ಹೊಲದಲ್ಲಿದೆ ಎಂದರು ಕಾಕಾ.

“ಸತ್ಯಾನಾಸ ಮಾಡೀರಿ ಕಾಕಾ! ದನಿ ಎಲ್ಲಾ ಅದರಾಗೇ ಇತ್ತು!”

ಎಲ್ಲರೆದುರು ಹಾಗೆಂದೆ. ಆ ಸಿಡಿ ಹಳೆಯ ವಿಂಡೋಸಿನದು, ಇದ್ದಿದ್ದರೂ ಹೊಸದಕ್ಕೆ ಆಗುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು. ಬಾಯಿ ಜಾರಿತ್ತು, ಅಷ್ಟೆ — ಅಲ್ಲ, ಅಷ್ಟೆ ಎನ್ನಬಾರದು. ನೀನು ಅಪ್ಪನ ಕಡೆ ಮುಖ ತಿರುಗಿಸಿ, “ನನ್ನ ಸಾಮಾನ ಮುಟ್ಟಬ್ಯಾಡಂತ ನಿನಗ ಹೇಳಿದ್ನೋ ಇಲ್ಲೋ?” ಎಂದೆ. ಅಂದಿನಿಂದ ನೀನು ಅವರೊಡನೆ ಮಾತು ಬಿಟ್ಟೆ.

ಮರುದಿನ ಕಾಕಾ ನನ್ನ ಅಂಗಡಿಗೆ ಬಂದರು. ಬಸ್ಸುಗಳು ನಿಂತಿದ್ದವು, ಊರಿನಿಂದ ನಡೆದೇ ಬಂದಿದ್ದರು. ರುಮಾಲಿನ ಗಂಟು ಬಿಚ್ಚಿ ಸಿಡಿಯನ್ನು ನನ್ನ ಮುಂದಿಟ್ಟರು. ಬಿಸಿಲಿಗೆ ಬಿಳಚಿ ಮೈಯೆಲ್ಲ ಗೀರು. ತೊಳೆದು, ಒರೆಸಿ ತಂದಿದ್ದರು.

“ಇದರಾಗ ನನ್ನ ಮಗಳ ದನಿ ಅದ ಅಂತ ನನಗ ಗೊತ್ತಿದ್ದಿಲ್ರಿ. ಉಳದಷ್ಟಾದ್ರೂ ತಗೀರಿ.”

ಒಬ್ಬ ಮನುಷ್ಯ ಇನ್ನೊಬ್ಬನ ಮಾತನ್ನು ಇಷ್ಟು ನಂಬಬಹುದೇ? ಸಿಡಿ ತೆಗೆದುಕೊಂಡು, ನೋಡುತ್ತೇನೆ ಎಂದು ಕಳಿಸಿದೆ.

ಸಮ್ಮೆಯ ನೆಪದಲ್ಲಿ ದಿನ ತಳ್ಳಿದೆ. ಕೊನೆಗೆ ಒಂದು ಮಧ್ಯಾಹ್ನ ಬಂದವನು ಹೊಸ್ತಿಲಲ್ಲೇ ನಿಂತುಬಿಟ್ಟೆ. ನೀನು ಮೂಕ ಯಂತ್ರದ ಮುಂದೆ ಟೈಪ್ ಮಾಡುತ್ತಿದ್ದೆ. ಪಕ್ಕದಲ್ಲಿ ಕಾಕಾ. ಅವರಿಗೆ ಇಂಗ್ಲಿಷ್ ಬಿಡು, ಯಾವ ಅಕ್ಷರವೂ ಬರದು. ಪರದೆಯ ಮೇಲಿನ ಒಂದೊಂದು ಅಕ್ಷರವನ್ನು ಚಿತ್ರದಂತೆ ನೋಡಿ ನೋಡಿ, ನಿನ್ನ ಅಂಗೈಯಲ್ಲಿ ಬೆರಳಿನಿಂದ ಬರೆಯುತ್ತಿದ್ದರು. ಕಣ್ಣಿದ್ದಾಗ ಕಲಿತ ಅಕ್ಷರಗಳನ್ನು ನೀನು ಅಂಗೈಯಿಂದ ಓದುತ್ತಿದ್ದೆ. ಅವರೊಡನೆ ಮಾತಿಲ್ಲ, ಆದರೆ ಕೈ ಚಾಚಿತ್ತು. ತಂಗಿ, ನಾನು ದೊಡ್ಡ ದೊಡ್ಡ ಯಂತ್ರ ಬಿಚ್ಚಿದ್ದೇನೆ. ಅಂಥದ್ದನ್ನು ಮಾತ್ರ ಎಲ್ಲಿಯೂ ಕಂಡಿಲ್ಲ.

ಟಾರ್ಚ್ ಹಿಡಿದು ಮೇಜಿನ ಕೆಳಗೆ ಹೋದೆ. ಸ್ಪೀಕರಿನ ತಂತಿಯ ತುದಿ ಹಸಿರು, ಅದು ಹೋಗಬೇಕಾದ ಕಿಂಡಿಯೂ ಹಸಿರು. ನಾನು ಕತ್ತಲಲ್ಲಿ ಅದನ್ನು ಪಕ್ಕದ ಗುಲಾಬಿ ಕಿಂಡಿಗೆ ಸಿಕ್ಕಿಸಿದ್ದೆ — ಮೈಕಿನ ಕಿಂಡಿಗೆ! ಇಷ್ಟೇ ಆಗಿದ್ದದ್ದು. ಕಿತ್ತು ಸರಿಯಾದ ಕಡೆ ಹಾಕಿದೆ. ಯಂತ್ರ ಒಮ್ಮೆಗೇ ಮಾತಾಡಿತು.

ನೀನು ಕೂಗಿಯೇಬಿಟ್ಟೆ. ಕಾಕಾ ನನಗೆ ಕೈ ಮುಗಿದರು. “ಏನಾಗಿತ್ರಿ ಅಣ್ಣಾರೆ?” ಎಂದು ನೀನು ಕೇಳಿದೆ. ಇನ್ನೂ ಮೇಜಿನ ಕೆಳಗೇ ಕೂತಿದ್ದೆ ನಾನು. ಆಗ ಹೇಳಬಹುದಿತ್ತು. ನಗುವಿನಲ್ಲೇ ಮುಗಿದುಹೋಗುತ್ತಿತ್ತು.

“ಕಾಕಾ ತಂದ ಸಿಡಿನ್ಯಾಗ ಉಳದಿದ್ದ ದನಿ ತಗದು ಹಾಕಿನಿ, ತಂಗಿ. ಇನ್ನ ಮ್ಯಾಲ ಅವರಿಗಿ ಇದರ ಹತ್ತರ ಬಿಡಬ್ಯಾಡ.”

ಬಿಡಬ್ಯಾಡ! ಅದನ್ನು ಯಾಕೆ ಸೇರಿಸಿದೆನೋ ಇಂದಿಗೂ ನನಗೆ ತಿಳಿಯದು. ಕಾಕಾ ತಾವೇ ಎದ್ದು ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತರು.

ನೀನು ಪರೀಕ್ಷೆ ಗೆದ್ದೆ, ತಾಂಡೂರಿನ ಬ್ಯಾಂಕ್ ಸೇರಿದೆ, ಅಪ್ಪನನ್ನು ಕರೆಸಿಕೊಂಡೆ, ಮಾತೂ ಆಡಿದೆ. ಎಲ್ಲ ಸರಿಹೋಯಿತು ಎಂದುಕೊಂಡಿದ್ದೆ. ಆದರೆ ಹೋದ ತಿಂಗಳು ಮದುವೆಗೆಂದು ತಾಂಡೂರಿಗೆ ಬಂದವನು ನಿಮ್ಮ ಮನೆಗೆ ಬಂದೆನಲ್ಲ. ನೀನು ಒಳಗೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕಂಪ್ಯೂಟರ್ ಮುಂದಿದ್ದೆ. ಕಾಕಾ ಹೊರಗೆ ಬಿಸಿಲಲ್ಲಿ ಕೂತಿದ್ದರು. ಒಳಗೆ ಫ್ಯಾನ್ ಇದೆ, ಅಲ್ಲೇ ಕೂಡಬಾರದೇ ಎಂದೆ.

“ನಾ ಹತ್ತರ ಹೋದ್ರ ದನಿ ಹೋಗ್ತದ್ರಿ” ಎಂದು ನಕ್ಕರು. ಪಕ್ಕದಲ್ಲಿ ನಿನ್ನ ಮೊಬೈಲ್ ರಿಂಗಾಗುತ್ತಿತ್ತು. ಅದನ್ನೂ ಮುಟ್ಟಲಿಲ್ಲ.

ಈ ಬರಹವನ್ನು ಕಾಗದದಲ್ಲಿ ಬರೆಯದೆ ಕಂಪ್ಯೂಟರಿನಲ್ಲೇ ಟೈಪ್ ಮಾಡಿ ಕಳಿಸುತ್ತಿದ್ದೇನೆ. ನಿನಗೆ ಯಂತ್ರ ಓದಿ ಹೇಳುತ್ತಿರುತ್ತದೆ, ನಿನ್ನದೇ ವೇಗದಲ್ಲಿ, ನಿನ್ನೊಬ್ಬಳ ಕಿವಿಯಲ್ಲಿ. ನನ್ನ ಬಗ್ಗೆ ಏನು ಬೇಕಾದರೂ ಅನ್ನು, ಅನ್ನಬೇಕಾದ್ದೇ. ಈಗ ಮಾತ್ರ ಹೆಡ್‌ಫೋನ್ ತೆಗೆದು ಸ್ಪೀಕರ್ ಹಾಕು, ತಂಗಿ. ಓದುವ ವೇಗ ತಗ್ಗಿಸು, ಕಾಕಾನ ಕಿವಿಗೆ ನಿಲುಕುವಷ್ಟು. ಅವರನ್ನು ಒಳಗೆ ಕರೆದು ನಿನ್ನ ಪಕ್ಕದಲ್ಲಿ ಕೂಡಿಸು. ಆಮೇಲೆ ಮೊದಲ ಸಾಲಿನಿಂದ ಮತ್ತೆ ಓದಿಸು.